ಮೋಟ ಹೊಲಿದ ಕೈ, ವಿಮಾನ ಕಟ್ಟುವ ಕೈ



ಒಂದು ಪ್ರಶ್ನೆ ಭಾಳ ದಿನದಿಂದ ನನ್ನ ಬೆನ್ನು ಹತ್ತ್ಯಾದ. "ಅಣ್ಣಾ, ನೀವು ಸಂಘಟನೆಯವ್ರು. ಬುದ್ಧನ ಫೋಟೋ ಕೆಳಗ ಕೂತು ಬಾಂಬ್ ಹಾಕೋ ವಿಮಾನ ಯಾಕ್ ಕಟ್ತೀರಿ? ಅದು ದುಡ್ಡಿದ್ದವರ ಮಕ್ಕಳ ಆಟ ಅಲ್ಲೇನು?" ಹಿಂಗ ಕೇಳಿದವರು ಮೇಲಿನ ಓಣಿಯವರಲ್ಲ, ನಮ್ಮ ಹುಡುಗರೇ. ಅದಕ್ಕಾಗಿ ಸಿಟ್ಟಿಲ್ಲ. ಪ್ರಶ್ನೆ ಸರಿಯಾಗೇ ಅದ. ಉತ್ತರ ಮಾತ್ರ ಎರಡು ಸಾಲಿನಾಗ ಮುಗಿಯೋದಲ್ಲ. ಪುರುಸೊತ್ತು ಮಾಡಿಕೊಂಡು ಓದ್ರಿ.

ನಾನು ಠಾಣಾ ಕುಶನೂರದವ. ಮೋಟರ್ ರಿವೈಂಡಿಂಗ್ ಅಂಗಡಿ ನಂದು. ಹಗಲೆಲ್ಲ ರೈತರ ಬೋರ್‌ವೆಲ್‌ನ ಸಬ್‌ಮರ್ಸಿಬಲ್ ಪಂಪು ಬಿಚ್ಚಿ, ಸುಟ್ಟ ತಂತಿ ತೆಗೆದು, ಹೊಸ ತಾಮ್ರ ಸುತ್ತೋದು ಕೆಲಸ. ರಾತ್ರಿ ಊಟ ಆದಮೇಲೆ ಅದೇ ಮೇಜು, ಅದೇ ಬಲ್ಬು, ಅದೇ ಚಿಮಟ. ಆದರೆ ಮುಂದಿರೋದು ಪ್ಲಾಸ್ಟಿಕ್ ಕಿಟ್. ಎರಡನೇ ಮಹಾಯುದ್ಧದ ವಿಮಾನ, ಜಲಾಂತರ್ಗಾಮಿ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಕಿಟ್ ಅಂದರೆ ಸಿದ್ಧ ಆಟಿಕೆ ಅಲ್ಲ. ಪೆಟ್ಟಿಗೆ ತೆಗೆದರೆ ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳು ಇರ್ತಾವ, ಚೌಕಟ್ಟಿಗೆ ಅಂಟಿಕೊಂಡು ನೂರಾರು ಸಣ್ಣ ಭಾಗ. ರೆಕ್ಕೆ, ಚಕ್ರ, ಪೈಲಟ್‌ನ ಕುರ್ಚಿ, ಬೆರಳಿನ ಉಗುರಿಗಿಂತ ಸಣ್ಣ ಗಡಿಯಾರ ಫಲಕ. ಒಂದೊಂದೇ ಕತ್ತರಿಸಬೇಕು, ಅಂಚು ಉಜ್ಜಬೇಕು, ನಕ್ಷೆ ನೋಡಿ ಅಂಟಿಸಬೇಕು, ಸಂದು ತುಂಬಬೇಕು, ಮತ್ತೆ ಉಜ್ಜಬೇಕು, ಬಣ್ಣ ಹೊಡೆಯಬೇಕು. ಕಡೆಗೆ ನೀರಿನಾಗ ನೆನೆಸಿದ ಡೆಕಾಲ್ ಜಾರಿಸಿ ಕೂಡಿಸಬೇಕು. ಹೆಚ್ಚು ನಡೆಯೋ ಅಳತೆ 1:72. ಅಂದರೆ ಆರು ಅಡಿ ಮನುಷ್ಯ ಒಂದು ಇಂಚು ಆಗ್ತಾನ. ಲೆಕ್ಕ ಅಷ್ಟೇ. ನಮ್ಮ ಬೀದರ್ ವಾಯುನೆಲೆಯ ಹಾಕ್ ವಿಮಾನ ಈ ಅಳತೆಯಲ್ಲಿ ಸುಮಾರು 17 ಸೆಂಟಿಮೀಟರ್, ಅಂಗೈ ಮೇಲೆ ಕೂಡ್ತದ.

ಇನ್ನು ನನ್ನ ಮುತ್ಯಾನ ಮಾತು. ಆತ ಮೋಟ ಹೊಲೀತಿದ್ದ. ಮೋಟ ಅಂದರೆ ಎತ್ತು ಕಟ್ಟಿ ಬಾವಿಯಿಂದ ನೀರು ಎಳೆಯೋ ದೊಡ್ಡ ಚರ್ಮದ ಚೀಲ. ಚರ್ಮ ಹದ ಮಾಡೋದು, ರಂಪಿಗೆಯಿಂದ ಅಳತೆಗೆ ಕೊಯ್ಯೋದು, ಹೊಲಿಗೆಯಲ್ಲಿ ಒಂದು ಹನಿ ನೀರು ಸೋರದಂತೆ ಬಿಗಿಯೋದು. ಅಪ್ಪ ಹೇಳ್ತಿದ್ದ, ಮುತ್ಯಾ ಹೊಲಿದ ಮೋಟ ಬೇಕಂತ ಪಕ್ಕದ ಊರಿನಿಂದ ಗೌಡರು ಆಳು ಕಳಿಸ್ತಿದ್ದರಂತ. ಆದರೆ ಆ ಬಾವಿಯ ನೀರು ಮುತ್ಯಾ ಮುಟ್ಟುವಂತಿರಲಿಲ್ಲ. ಆತ ಹೊಲಿದ ಚರ್ಮದೊಳಗೆ ತುಂಬಿಕೊಂಡು ಮೇಲೆ ಬಂದ ನೀರು, ಆತ ಮುಟ್ಟಿದರೆ ಮೈಲಿಗೆ. ಮೋಟ ಮುಟ್ಟಬಹುದು, ನೀರು ಮುಟ್ಟಬಾರದು! ಈ ಲೆಕ್ಕ ಮಾತ್ರ ಯಾವ ನಕ್ಷೆಯಲ್ಲೂ ನನಗೆ ಕೂಡಿ ಬಂದಿಲ್ಲ.

ಮುತ್ಯಾನ ಕೈಯಲ್ಲಿ ಎಂಜಿನಿಯರಿಂಗ್ ಇತ್ತು ಬಂಧುಗಳೇ. ಅದಕ್ಕೆ ಆ ಹೆಸರು ಕೊಡಲಿಲ್ಲ ಅಷ್ಟೇ. ಅದಕ್ಕೆ ಕೊಟ್ಟ ಹೆಸರು ಜಾತಿ.

ನಾನು ಓದಿದ ಶಾಲೆಯೊಂದರಲ್ಲಿ ವಿಜ್ಞಾನ ಪ್ರದರ್ಶನ ಇತ್ತು. ಥರ್ಮಾಕೋಲ್, ಬಣ್ಣ, ಅಂಟು ಎಲ್ಲ ತಂದಿದ್ದರು. ಅಣೆಕಟ್ಟಿನ ಮಾದರಿ ಮಾಡೋಕೆ ನಾಲ್ಕು ಹುಡುಗರನ್ನು ಆರಿಸಿದರು. ನನಗೂ ನಮ್ಮ ಕೇರಿಯ ಇನ್ನೊಬ್ಬನಿಗೂ ಬೇರೆ ಕೆಲಸ ಕೊಟ್ಟರು: ಬಿದ್ದ ಥರ್ಮಾಕೋಲ್ ಚೂರು ಗುಡಿಸೋದು. ಯಾರೂ ಬೈಲಿಲ್ಲ, ಹೊಡೀಲಿಲ್ಲ. ಭಾಳ ಪ್ರೀತಿಯಿಂದಲೇ ಪೊರಕೆ ಕೊಟ್ಟರು. ಅದರ ಮರುದಿನ ನಾನು ಗುಡಿಸಿ ತಂದ ಚೂರುಗಳಿಂದಲೇ ಮನೆಯಲ್ಲಿ ಒಂದು ವಿಮಾನ ಮಾಡಿದೆ. ಸೀದಾ ನಿಲ್ಲಲಿಲ್ಲ, ಆದರೂ ವಿಮಾನವೇ.

ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಜಾತಿಯನ್ನು ಬರೀ ಅವಮಾನದ ಪ್ರಶ್ನೆ ಅಂತ ನೋಡಲಿಲ್ಲ. ದುಡಿಮೆಯ ಪ್ರಶ್ನೆ ಅಂತನೂ ನೋಡಿದರು. ಹುಟ್ಟಿನಿಂದ ಕೊರಳಿಗೆ ಬಿದ್ದ ಕೆಲಸದಲ್ಲಿ ಮನುಷ್ಯನ ಇಷ್ಟಕ್ಕೆ ಜಾಗ ಇರೋದಿಲ್ಲ, ಇಷ್ಟ ಇಲ್ಲದ ಕಡೆ ಮನಸ್ಸೂ ಬುದ್ಧಿಯೂ ನಿಲ್ಲೋದಿಲ್ಲ ಅನ್ನೋದು ಅವರ ವಾದ. ನಾನು ಇದನ್ನು ಓದಿದಾಗ ಮುತ್ಯಾ ನೆನಪಾದ. ಆತನ ಕೈಗೆ ಕೆಲಸ ಇತ್ತು, ಆಯ್ಕೆ ಇರಲಿಲ್ಲ. ಯಾರೂ ಹೇಳದೆ, ಯಾರಿಗೂ ಕೊಡಬೇಕಿಲ್ಲದೆ, ಬಿಟ್ಟಿ ಅಲ್ಲದೆ, ಕೂಲಿಯೂ ಅಲ್ಲದೆ, ಬರೀ ತನ್ನ ಖುಷಿಗೆ ಒಂದು ವಸ್ತು ಮಾಡೋ ಹಕ್ಕು ಆತನಿಗೆ ಯಾರೂ ಕೊಟ್ಟಿರಲಿಲ್ಲ. ನಾವು ಭೂಮಿ ಕೇಳ್ತೀವಿ, ಮೀಸಲಾತಿ ಕೇಳ್ತೀವಿ, ಸ್ಮಶಾನ ಕೇಳ್ತೀವಿ. ಎಲ್ಲ ಕೇಳಲೇಬೇಕು. ಆದರೆ 'ಹವ್ಯಾಸ' ಅನ್ನೋ ಪದ ನಮ್ಮ ಕೇರಿಯಲ್ಲಿ ಯಾಕ ಕೇಳಿಸೋದಿಲ್ಲ ಅಂತ ಒಮ್ಮೆ ವಿಚಾರ ಮಾಡ್ರಿ. ಹವ್ಯಾಸಕ್ಕೆ ದುಡ್ಡಿಗಿಂತ ಮೊದಲು ಬೇಕಾಗೋದು ಹೊತ್ತು. ನಮ್ಮವರ ಹೊತ್ತು ಯಾವಾಗಲೂ ಬೇರೆಯವರದೇ ಆಗಿತ್ತು.

ಇದನ್ನೂ ಬಾಬಾಸಾಹೇಬರು ಬಲ್ಲರು. 1942ರಿಂದ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಅವರ ಕೈಯಲ್ಲಿತ್ತು. ಅವರ ಕಾಲದಲ್ಲೇ ಮಂಡನೆಯಾದ 1946ರ ಕಾರ್ಖಾನೆ ತಿದ್ದುಪಡಿ ಕಾಯ್ದೆ, ವಾರಕ್ಕೆ 54 ಗಂಟೆ ಇದ್ದ ದುಡಿಮೆಯನ್ನು 48ಕ್ಕೆ ಇಳಿಸಿತು. ವಾರಕ್ಕೆ ಆರು ಗಂಟೆ ಉಳೀತು. ನಾನು ರಾತ್ರಿ ಮೇಜಿಗೆ ಕೂಡುವಾಗ ಆ ಆರು ಗಂಟೆ ನನ್ನ ಲೆಕ್ಕದಲ್ಲಿ ಇರ್ತಾವ.

ಈಗ 'ಯುದ್ಧ ಯಾಕ?' ಅನ್ನೋ ಮಾತಿಗೆ ಬರ್ತೀನಿ.

ಮೊದಲನೆಯದು, ಯುದ್ಧದ ವಿಮಾನ ನಮಗೆ ದೂರದ್ದಲ್ಲ. ಬೀದರ್ ಜಿಲ್ಲೆಯ ಹುಡುಗರು ತಲೆ ಎತ್ತಿದರೆ ಆಕಾಶದಲ್ಲಿ ಜೆಟ್ ಕಾಣ್ತಾವ. 1996ರಲ್ಲಿ ಸೂರ್ಯಕಿರಣ ತಂಡ ಹುಟ್ಟಿದ್ದು ಬೀದರಿನಲ್ಲಿ, ಎಚ್‌ಎಎಲ್ ಮಾಡಿದ ಕಿರಣ್ ವಿಮಾನಗಳ ಮೇಲೆ. 2008ರಲ್ಲಿ ಹಾಕ್ ಬಂದವು. ಹೊಲದಲ್ಲಿ ತೊಗರಿ ಕೊಯ್ಯೋ ಹೆಣ್ಣುಮಗಳಿಗೂ ಆ ಸಪ್ಪಳ ಗೊತ್ತು. ಆದರೆ ಅದು ಹೆಂಗ ಹಾರ್ತದ, ಯಾರು ಮಾಡಿದರು, ಒಳಗ ಏನದ? ಅದನ್ನು ನಮಗೆ ಯಾರೂ ಬಿಚ್ಚಿ ತೋರಿಸಲಿಲ್ಲ.

ಇನ್ನೂ ಹಿಂದಿನದು ಕೇಳ್ರಿ. ನನ್ನ ಕಪಾಟಿನಲ್ಲಿ ದೊಡ್ಡದು ಲ್ಯಾಂಕಾಸ್ಟರ್ ಬಾಂಬರ್. ನಾಲ್ಕು ಎಂಜಿನ್, 1:72ರಲ್ಲೇ ರೆಕ್ಕೆಯ ತುದಿಯಿಂದ ತುದಿಗೆ 43 ಸೆಂಟಿಮೀಟರ್. ಇಂಗ್ಲೆಂಡಿನಿಂದ ಹೋಗಿ ಜರ್ಮನಿಯ ಊರುಗಳನ್ನು ಸುಟ್ಟ ವಿಮಾನ. ಇದಕ್ಕೂ ಬೀದರಿಗೂ ಏನು ಸಂಬಂಧ ಅಂತೀರಿ? ಯುದ್ಧ ಮುಗಿದ ಮೇಲೆ ಇದೇ ವಿಮಾನದ ನಾಗರಿಕ ರೂಪ ಬಂತು, ಹೆಸರು ಲ್ಯಾಂಕಾಸ್ಟ್ರಿಯನ್. 1948ರಲ್ಲಿ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವೈಮಾನಿಕ ಇವೇ ವಿಮಾನಗಳಲ್ಲಿ ಕರಾಚಿಯಿಂದ ನಿಜಾಮನಿಗೆ ಶಸ್ತ್ರ ಸಾಗಿಸಿದ. ಅವು ಇಳಿದ ನೆಲಗಳಲ್ಲಿ ನಮ್ಮ ಬೀದರೂ ಒಂದು. ಮುಂದೆ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ಆಯ್ತು. ಭಾರತದ ಟೆಂಪೆಸ್ಟ್ ವಿಮಾನಗಳು ಮೇಲೆ ಹಾರಿದವು, 17ನೇ ತಾರೀಖು ಸೈನ್ಯ ಬೀದರಿಗೆ ಬಂತು. ನಮ್ಮ ಹಿರಿಯರು ಆ ವರ್ಷದ ಕಥೆ ಹೇಳುವಾಗ ರಜಾಕಾರರ ಹೆಸರು ಬರ್ತದ, ಸುಟ್ಟ ಮನೆ ಬರ್ತಾವ, ಓಡಿಹೋದ ಜನ ಬರ್ತಾರ. ವಿಮಾನ ಮಾತ್ರ ಬರೀ 'ಆಕಾಶದ ಸಪ್ಪಳ'. ಆ ಸಪ್ಪಳಕ್ಕೆ ಮೈ ಕೊಟ್ಟು ಮೇಜಿನ ಮೇಲಿಟ್ಟರೆ ಹುಡುಗರು ಇತಿಹಾಸ ಕೇಳ್ತಾರ. ನಾನು ನೋಡೀನಿ.

ಎರಡನೆಯದು, ಸೈನ್ಯ ಅನ್ನೋದು ನಮ್ಮವರಿಗೆ ಒಂದು ಬಾಗಿಲಾಗಿತ್ತು. ಬಾಬಾಸಾಹೇಬರ ತಂದೆ ರಾಮಜಿಯವರು ಸುಬೇದಾರರು. ಆ ಪಲ್ಟನಿನ ಶಾಲೆಯ ಅಕ್ಷರವೇ ಆ ಮನೆಗೆ ಬೆಳಕಾಯ್ತು. 1892ರ ಹೊತ್ತಿಗೆ ಬ್ರಿಟಿಷರು 'ವೀರ ಜಾತಿ' ಅನ್ನೋ ಸಿದ್ಧಾಂತ ಹಿಡಿದು ಮಹಾರರ ಭರ್ತಿ ನಿಲ್ಲಿಸಿದರು. ನಮ್ಮ ಮುಖಕ್ಕೇ ಬಾಗಿಲು ಬಿತ್ತು. ಬಾಬಾಸಾಹೇಬರು ಹಠ ಬಿಡಲಿಲ್ಲ. 1941ರ ಅಕ್ಟೋಬರ್‌ನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದ್ದು ಎಲ್ಲಿ? ನಮ್ಮ ಬೆಳಗಾವಿಯಲ್ಲಿ. ಯುದ್ಧ ಕೆಟ್ಟದ್ದು ಅಂತ ಬುದ್ಧನ ಮಕ್ಕಳಾದ ನಮಗೆ ಯಾರೂ ಕಲಿಸಬೇಕಿಲ್ಲ. ಆದರೆ ಯುದ್ಧದ ಇತಿಹಾಸದಲ್ಲಿ ನಮ್ಮ ಪಾಲಿನ ಪುಟ ಹರಿದು ಹೋಗಬಾರದು.

1971ರ ಯುದ್ಧದಲ್ಲಿ ದೇಶದ ರಕ್ಷಣಾ ಮಂತ್ರಿ ಯಾರು? ಬಾಬು ಜಗಜೀವನರಾಮ್. ಚರ್ಮದ ಕೆಲಸದ ಜಾತಿಯಲ್ಲಿ ಹುಟ್ಟಿದವರು. ಬಿಹಾರದ ಆರಾ ಪಟ್ಟಣದ ಶಾಲೆಯಲ್ಲಿ ದಲಿತ ಮಕ್ಕಳಿಗೆ ಅಂತ ಬೇರೆ ಇಟ್ಟಿದ್ದ ನೀರಿನ ಕೊಡವನ್ನು ಒಡೆದ ಹುಡುಗ ಅವರು. ವಿಶಾಖಪಟ್ಟಣದ ಹತ್ತಿರ ಪಾಕಿಸ್ತಾನದ ಗಾಜಿ ಜಲಾಂತರ್ಗಾಮಿ ಮುಳುಗಿದಾಗ, ಅದೇ ತಿಂಗಳು 9ನೇ ತಾರೀಖು ನಮ್ಮ ಐಎನ್ಎಸ್ ಖುಕ್ರಿ ಮುಳುಗಿ 194 ಜನ ತೀರಿಕೊಂಡಾಗ, ದೆಹಲಿಯಲ್ಲಿ ಆ ಕುರ್ಚಿಯ ಭಾರ ಹೊತ್ತಿದ್ದವರು ಅವರು. 1971ರ ಮೇಲೆ ಬರೋ ಸಿನಿಮಾಗಳಲ್ಲಿ ಅವರಿಗೆ ಎಷ್ಟು ನಿಮಿಷ ಸಿಗ್ತದ, ನೀವೇ ಎಣಿಸ್ರಿ.

ಮೂರನೆಯದು, ನನಗೆ ಎಲ್ಲಕ್ಕಿಂತ ದೊಡ್ಡದು.

ಕಿಟ್ ಪೆಟ್ಟಿಗೆ ಮೇಲೆ ಭಾರೀ ಚಿತ್ರ ಇರ್ತದ. ಮೋಡ, ಬೆಂಕಿ, ಪೈಲಟ್. ವಿಮಾನ ಹಾರಿಸಿದವನ ಹೆಸರು, ಆತ ಎಷ್ಟು ಕೆಡವಿದ ಅನ್ನೋದು. ಮಾಡಿದವರ ಚಿತ್ರ ಯಾವ ಪೆಟ್ಟಿಗೆ ಮೇಲೂ ನಾನು ನೋಡಿಲ್ಲ.

ನನ್ನ ಹತ್ತಿರ ಜರ್ಮನಿಯ ಟೈಪ್ 21 ಜಲಾಂತರ್ಗಾಮಿಯ ಕಿಟ್ ಅದ. 1:144 ಅಳತೆ, 53 ಸೆಂಟಿಮೀಟರ್ ಉದ್ದ. ಆ ಕಾಲಕ್ಕೆ ನೀರಿನೊಳಗೆ ಭಾಳ ವೇಗದ್ದು ಅದು. ತಮಾಷೆ ಅಂದರೆ ಖರೇ ಹಡಗನ್ನೂ ಅವರು ಕಿಟ್ ತರಹವೇ ಮಾಡಿದರು: ಎಂಟು ತುಂಡು ಬೇರೆ ಬೇರೆ ಕಡೆ ಮಾಡಿಸಿ, ತಂದು ಜೋಡಿಸೋದು. ಜೋಡಿಸಲಿಕ್ಕೆ ಅಂತ ಬ್ರೆಮೆನ್ ಊರಿನ ಹತ್ತಿರ ನದಿ ದಂಡೆಗೆ 'ವ್ಯಾಲೆಂಟಿನ್' ಅನ್ನೋ ಕಾಂಕ್ರೀಟ್ ಕೋಟೆ ಕಟ್ಟಿಸಿದರು. 1943ರಿಂದ 1945ರ ತನಕ. ಕಟ್ಟಿದವರು ಯಾರು? ಹಿಡಿದು ತಂದ ಕೈದಿಗಳು, ಸೆರೆಶಿಬಿರದವರು, ಪೋಲೆಂಡ್, ಸೋವಿಯತ್, ಫ್ರಾನ್ಸಿನ ಜನ. ಸಿಮೆಂಟ್ ಚೀಲ ಹೊತ್ತು, ಹಸಿದು, ಹೊಡೆತ ತಿಂದು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಕಡೆಗೆ ಬಾಂಬ್ ಬಿದ್ದು ಕೆಲಸ ನಿಂತಿತು. ಆ ಕೋಟೆಯಿಂದ ಒಂದೇ ಒಂದು ಜಲಾಂತರ್ಗಾಮಿಯೂ ಹೊರಗೆ ಬರಲಿಲ್ಲ. ಒಂದೂ ಇಲ್ಲ! ಮೆಸ್ಸರ್‌ಶ್ಮಿಟ್ 262 ಅಂತ ಜೆಟ್ ವಿಮಾನ ಅದ, ಮಾಡೆಲ್ ಕಟ್ಟೋರಿಗೆ ಭಾಳ ಪ್ರೀತಿ. ಅದರ ಭಾಗಗಳನ್ನು ಆಸ್ಟ್ರಿಯಾದ ಗುಸೆನ್ ಸುರಂಗಗಳಲ್ಲಿ ಸೆರೆಶಿಬಿರದ ಕೈದಿಗಳಿಂದ ಮಾಡಿಸಿದರು.

ಬಿಟ್ಟಿ ಚಾಕರಿ ಅಂದರೆ ಏನಂತ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಹಿಂಗಾಗಿ ನಮ್ಮ ಅಂಗಡಿಯ ಕಪಾಟಿನಲ್ಲಿ ಒಂದು ಪದ್ಧತಿ ಅದ. ಪ್ರತಿ ಮಾದರಿಯ ಮುಂದೆ ಒಂದು ಚೀಟಿ. ಅದರಲ್ಲಿ ಹಾರಿಸಿದವರ ಹೆಸರಲ್ಲ, ಅದನ್ನು ಮಾಡಿದ ಕೈಗಳ ವಿಷಯ ಬರೀತೀವಿ. ಟೈಪ್ 21ರ ಮುಂದೆ ವ್ಯಾಲೆಂಟಿನ್‌ನ ಕೂಲಿಗಳು. ಸ್ವಸ್ತಿಕದ ಡೆಕಾಲ್ ವಿಚಾರಕ್ಕೂ ಹಂಗೇ. ಜರ್ಮನಿಯಲ್ಲಿ ಆ ಗುರುತಿಗೆ ಕಾನೂನಿನ ತಡೆ ಇರೋದರಿಂದ ಅಲ್ಲಿನ ಕಿಟ್‌ಗಳಲ್ಲಿ ಅದನ್ನು ಬಿಟ್ಟಿರ್ತಾರ. ಬೇರೆ ಕಿಟ್‌ನಲ್ಲಿ ಬಂದರೆ ನಾನು ಅಂಟಿಸ್ತೀನಿ. ಹುಡುಗರು "ಕಾಕಾ, ಇದು ನಮ್ಮ ಊರಾಗ ಬಾಗಿಲ ಮ್ಯಾಲ ಬರೀತಾರಲ್ಲ?" ಅಂತಾರ. ಆಗ 1935ರ ನ್ಯೂರೆಂಬರ್ಗ್ ಕಾನೂನಿನ ವಿಷಯ ಹೇಳ್ತೀನಿ. ಯಾರು ಯಾರನ್ನು ಮದುವೆ ಆಗಬಾರದು ಅಂತ ರಕ್ತ ನೋಡಿ ಬರೆದ ಕಾನೂನು. "ಇದು ನಮಗ ಗೊತ್ತಿದ್ದದ್ದೇ ಅದ ಅಲ್ಲ ಕಾಕಾ" ಅಂತ ಒಬ್ಬ ಅಂದ. ಕಲ್ಯಾಣದಲ್ಲಿ ಹರಳಯ್ಯ, ಮಧುವರಸರ ಮನೆಯ ಮದುವೆಗೆ ಏನಾಯ್ತು ಅಂತ ನಮ್ಮ ಜಿಲ್ಲೆಯ ಹುಡುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಈ ಹವ್ಯಾಸದ ಚರಿತ್ರೆಯೂ ಬರೀ ಶ್ರೀಮಂತರ ಆಟದ್ದಲ್ಲ. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲೆಯ ಮಕ್ಕಳಿಗೆ 1:72 ಅಳತೆಯ 5 ಲಕ್ಷ ವಿಮಾನ ಮಾದರಿ ಮಾಡಿಕೊಡಿ ಅಂತ ಕೇಳಿತು, ಆಕಾಶದಲ್ಲಿ ನಮ್ಮದ್ಯಾವುದು ವೈರಿದ್ಯಾವುದು ಅಂತ ಸೈನಿಕರಿಗೆ ಕಲಿಸಲಿಕ್ಕೆ. ಏರ್‌ಫಿಕ್ಸ್ ಅನ್ನೋ ಹೆಸರಾಂತ ಕಂಪನಿಯನ್ನು 1939ರಲ್ಲಿ ಲಂಡನ್ನಿನಲ್ಲಿ ಶುರು ಮಾಡಿದ್ದು ನಿಕೋಲಸ್ ಕೋವ್, ಹಂಗೇರಿಯಿಂದ ಬಂದ ಯೆಹೂದಿ. ಮೊದಲು ರಬ್ಬರ್ ಆಟಿಕೆ, ಆಮೇಲೆ ಬಾಚಣಿಗೆ, ಆಮೇಲೆ ಕಿಟ್. 1961ರಲ್ಲಿ ರೆವೆಲ್ ಕಂಪನಿ ಅಮೆರಿಕದ ಪೊಲಾರಿಸ್ ಅಣು ಜಲಾಂತರ್ಗಾಮಿಯ ಕಿಟ್ ಮಾಡಿ 2 ಡಾಲರ್ 98 ಸೆಂಟಿಗೆ ಮಾರಿದಾಗ, ಅಡ್ಮಿರಲ್ ರಿಕೋವರ್ ಸಿಟ್ಟಾಗಿ ದೇಶದ ಗುಟ್ಟು ಅಂಗಡಿಯಲ್ಲಿ ಮಾರ್ತಾ ಇದ್ದಾರೆ ಅಂತ ಕೂಗಾಡಿದರು. ನನಗೆ ಇದು ಭಾಳ ಇಷ್ಟ. ದೊಡ್ಡವರು ಮುಚ್ಚಿಟ್ಟ ವಿದ್ಯೆ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಯಾರ ಕೈಗಾದರೂ ಸಿಗೋದು ಅಂದರೆ ಸಣ್ಣ ಮಾತಲ್ಲ. ನಮ್ಮ ಕಿವಿಗೆ ಬೀಳಬಾರದು ಅಂತ ಎಷ್ಟು ವಿದ್ಯೆ ಮುಚ್ಚಿಟ್ಟಿದ್ದರು, ಗೊತ್ತೇ ಅದ.

ದುಡ್ಡಿನ ಮಾತು ಮುಚ್ಚಿಡೋದಿಲ್ಲ. ಕಿಟ್ ಅಗ್ಗ ಅಲ್ಲ. ಎರಡು ಪಂಪು ರಿವೈಂಡ್ ಮಾಡಿ ಉಳಿಸಿದ್ದರಲ್ಲಿ ಒಂದು ಸಣ್ಣ ಕಿಟ್ ಬರ್ತದ. ವರ್ಷಕ್ಕೆ ಮೂರು, ನಾಲ್ಕು ತರ್ತೀನಿ. ನಾನು ಸೇದೋದಿಲ್ಲ, ಕುಡಿಯೋದಿಲ್ಲ. ಅದೇ ದುಡ್ಡು. ಮತ್ತ ಎಲ್ಲಕ್ಕೂ ಕಿಟ್ ಬೇಕಂತಿಲ್ಲ. ಈಗ ನಾವು ಕಟ್ತಿರೋದು ಮಾರುತ್. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಹುಟ್ಟಿದ ಜೆಟ್ ಫೈಟರ್. ಹಿಟ್ಲರನ ಕಾಲದಲ್ಲಿ ಫೋಕೆ ವುಲ್ಫ್ 190 ರೂಪಿಸಿದ್ದ ಕರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು, ನಮ್ಮ ಎಂಜಿನಿಯರು, ಕಾರ್ಮಿಕರ ಜೊತೆ ಕೂಡಿ ಮಾಡಿದ್ದು. 1961ರ ಜೂನ್ 17ರಂದು ಮೊದಲ ಸಲ ಹಾರಿತು. ಒಟ್ಟು 147 ಮಾಡಿದರು. 1971ರಲ್ಲಿ ರಾಜಸ್ಥಾನದ ಕಡೆ ಯುದ್ಧಕ್ಕೂ ಹೋಯ್ತು. ಇದರ ಕಿಟ್ ಸುಲಭಕ್ಕೆ ಸಿಗೋದಿಲ್ಲ. ಹಂಗಾಗಿ ಪಿವಿಸಿ ಪೈಪು, ಹಳೇ ಫ್ಲೆಕ್ಸಿನ ಹಿಂದಿನ ಹಾಳೆ, ಪಂಪಿನ ವಾಷರು, ಎಂಸೀಲ್. ಉದ್ದ 22 ಸೆಂಟಿಮೀಟರ್, ರೆಕ್ಕೆ 12 ಸೆಂಟಿಮೀಟರ್ ಮೇಲೆ ಸ್ವಲ್ಪ. ಇದರ ಚೀಟಿಯಲ್ಲಿ ಏನು ಬರೀಬೇಕು ಅಂತ ಹುಡುಗರು ಜಗಳಾಡ್ತಾರ. ಒಬ್ಬ ಕರ್ಟ್ ಟ್ಯಾಂಕ್ ಅಂತಾನ. ಇನ್ನೊಬ್ಬಳು "ರಿವೆಟ್ ಹೊಡೆದವರು" ಅಂತಾಳ.

ಆ ಇನ್ನೊಬ್ಬಳ ಸಲುವಾಗಿಯೇ ಇಷ್ಟು ಬರೆದದ್ದು.

ಭಾನುವಾರ ಅಂಗಡಿಗೆ ನಾಲ್ಕೈದು ಮಕ್ಕಳು ಬರ್ತಾರ. ಆಕೆ ಹತ್ತನೇ ಮುಗಿಸ್ಯಾಳ. ನಕ್ಷೆ ಓದೋದರಲ್ಲಿ ನನಗಿಂತ ಚುರುಕು. ಕಿಟ್ ನಕ್ಷೆಯಲ್ಲಿ ಮಾತಿರೋದಿಲ್ಲ, ಬರೀ ಗೆರೆ, ಬಾಣ, ಸಂಖ್ಯೆ. ಇಂಗ್ಲಿಷ್ ಬರೋದಿಲ್ಲ ಅಂತ ತರಗತಿಯಲ್ಲಿ ತಲೆ ತಗ್ಗಿಸೋ ಹುಡುಗಿ ಇಲ್ಲಿ ಎಲ್ಲರಿಗೂ ಮೊದಲು ಬೆರಳಿಟ್ಟು ತೋರಿಸ್ತಾಳ: "ಕಾಕಾ, ಇಪ್ಪತ್ತೆರಡನೇದು ಮೊದಲ ಕೂಡಿಸಬ್ಯಾಡ್ರಿ, ಆಮ್ಯಾಲ ಹದಿನೆಂಟನೇದು ಒಳಗ ಹೋಗಂಗಿಲ್ಲ." ಟೈಪ್ 21ರ ಎರಡು ಅರ್ಧ ಮೈಯ ಸಂದನ್ನು ಕಣ್ಣಿಗೆ ಕಾಣದಂತೆ ಉಜ್ಜಿದ್ದು ಆಕೆ. ಬೆರಳು ಆಡಿಸಿದರೂ ಗೆರೆ ಹತ್ತೋದಿಲ್ಲ. ಮುತ್ಯಾನ ಮೋಟದ ಹೊಲಿಗೆ ಹಂಗಿತ್ತಂತ.

ಆಕೆಗೆ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಬೇಕಂತ ಆಸೆ. ಮನೆಯವರು ಮಳೆಗಾಲ ಮುಗಿದ ಮೇಲೆ ಕೆಲಸಕ್ಕೆ ಹೈದರಾಬಾದಿಗೆ ಹೊರಡೋರು, ಕಟ್ಟಡದ ಕೆಲಸ. ಕರಕೊಂಡು ಹೋಗ್ತೀವಿ ಅಂತಾರ, ಅಲ್ಲೇ ಒಂದು ಸಂಬಂಧವೂ ನೋಡಿದ್ದಾರ. ಆಕೆಯ ಆಯಿ ಅಂಗಡಿಗೆ ಬಂದು ಕಪಾಟು ನೋಡಿ ಕೇಳಿದಳು, "ತಮ್ಮಾ, ಇದರಿಂದ ಹೊಟ್ಟಿ ತುಂಬ್ತದೇನು?"

ನಾನಂದೆ, "ಇಲ್ಲ ಆಯಿ, ಇದರಿಂದ ತುಂಬೋದಿಲ್ಲ. ಇದನ್ನ ಮಾಡೋ ಕೈಯಿಂದ ತುಂಬ್ತದ. ಆದರ ಕೈಗೆ ಕಾಗದ ಬೇಕು, ಡಿಪ್ಲೊಮಾದ್ದು. ಕಾಗದ ಇಲ್ಲ ಅಂದ್ರ ಇದೇ ಕೈಯಾಗ ಇಟ್ಟಂಗಿ ಕೊಡ್ತಾರ."

ಆಯಿ ಏನೂ ಅನ್ನಲಿಲ್ಲ. ಟೈಪ್ 21 ಮೇಲೆ ಬೆರಳು ಆಡಿಸಿ, "ನಮ್ಮ ಕೂಸು ಮಾಡ್ಯಾದೇನು?" ಅಂತ ಮತ್ತೊಮ್ಮೆ ಕೇಳಿ ಹೋದಳು.

ಸಂಘಟನೆಯ ಗೆಳೆಯರೇ, ಭೀಮ ಜಯಂತಿಗೆ ಡಿಜೆಗೆ ಕೊಡೋ ದುಡ್ಡಿನ ಲೆಕ್ಕ ನಾನು ಇಲ್ಲಿ ಹಾಕೋದಿಲ್ಲ, ನೀವು ಹಾಕ್ರಿ. ಅದರಲ್ಲಿ ಒಂದು ಪಾಲು ನಮ್ಮ ಕೇರಿಗಳಲ್ಲಿ ಒಂದೊಂದು ಮೇಜು, ಒಂದು ಬಲ್ಬು, ಒಂದು ಅರ, ಎರಡು ಸ್ಕ್ರೂಡ್ರೈವರ್‌ಗೆ ಆಗಲಿ. ವಿಮಾನವೇ ಆಗಬೇಕಂತಿಲ್ಲ. ಕೆಟ್ಟ ರೇಡಿಯೋ ಬಿಚ್ಚಲಿ, ಬಸವಕಲ್ಯಾಣದ ಕೋಟೆ ರಟ್ಟಿನಲ್ಲಿ ಮಾಡಲಿ. ಮಕ್ಕಳ ಕೈಗೆ ಪೊರಕೆಗಿಂತ ಮೊದಲು ಅಂಟು, ಕತ್ತರಿ ಸಿಗಲಿ. ಪುಸ್ತಕದ ಜೊತೆ ಉಪಕರಣವೂ ಸಿಗಲಿ.

ಈ ಭಾನುವಾರ ನಾವು ಐದು ಜನ ಆಕೆಯ ಅಪ್ಪನ ಹತ್ತಿರ ಮಾತಾಡಲು ಹೋಗ್ತಾ ಇದ್ದೀವಿ. ಇಬ್ಬರು ಹೆಣ್ಣುಮಕ್ಕಳು ಜೊತೆಗೆ ಬರ್ತಾರ. ಹಾಸ್ಟೆಲ್ ಅರ್ಜಿ, ಜಾತಿ ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಕಾಗದ ಎಲ್ಲ ತೆಗೆದಿಟ್ಟೀವಿ. ಪ್ರವೇಶದ ಶುಲ್ಕಕ್ಕೆ ನಾನು ಈ ವರ್ಷದ ಕಿಟ್ ದುಡ್ಡು ಎತ್ತಿಟ್ಟೀನಿ. ಭಾಲ್ಕಿ, ಔರಾದ ಕಡೆ ಡಿಪ್ಲೊಮಾ ಓದಿದ ನಮ್ಮ ಹೆಣ್ಣುಮಕ್ಕಳು ಯಾರಾದರೂ ಇದ್ದರೆ ದಯವಿಟ್ಟು ಬರ್ರಿ. ನಾನು ಹತ್ತು ಮಾತಾಡೋದಕ್ಕಿಂತ ನೀವು ಎದುರಿಗೆ ಬಂದು ಕೂತರೆ ಆ ಅಪ್ಪನಿಗೆ ಬೇಗ ತಿಳೀತದ.

ಮಾರುತ್‌ನ ಬಲಗಡೆ ರೆಕ್ಕೆ ಇನ್ನೂ ಕೂಡಿಸಿಲ್ಲ. ಅದು ಆಕೆಯ ಪಾಲಿನ ಕೆಲಸ.

ಜೈ ಭೀಮ್.